ಪಾಲಾದ ಸಾರ್ವಭೌಮತ್ವ: ಹೆನ್ರಿ ಮೇನ್ ಮತ್ತು ಮೈಸೂರಿನ ಹಸ್ತಾಂತರ ಪತ್ರ

ಸಾರ್ವಭೌಮತ್ವವನ್ನು ಪಾಲು ಮಾಡಲು ಬರುವುದಿಲ್ಲವೆಂದು 1576ರಲ್ಲಿ ಫ್ರೆಂಚ್ ಚಿಂತಕ ಬೋಡಿನ್ ವಾದಿಸಿದ. 1832ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಅದನ್ನೇ ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಬಿಗಿಗೊಳಿಸಿದ. ನೂರಾರು ದೇಶೀ ಸಂಸ್ಥಾನಗಳನ್ನು ಹತೋಟಿಯಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಆಡಳಿತಕ್ಕೆ ಈ ಸಿದ್ಧಾಂತ ಒಗ್ಗಲಿಲ್ಲ. ಅರಸರು ಸಾರ್ವಭೌಮರೆಂದರೆ ಅವರ ರಾಜ್ಯದಲ್ಲಿ ಕೈಹಾಕುವಂತಿಲ್ಲ. ಅಲ್ಲವೆಂದರೆ ಆಡಳಿತದ ಹೊಣೆಯೆಲ್ಲ ತನ್ನ ತಲೆಗೆ. ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯ ಹೆನ್ರಿ ಮೇನ್ 1864ರಲ್ಲಿ ಕಾಠಿಯಾವಾಡದ ಸಂಸ್ಥಾನಗಳ ಕುರಿತು ಬರೆದ ಟಿಪ್ಪಣಿಯಲ್ಲಿ ದಾರಿ ತೋರಿಸಿದ: ಸಾರ್ವಭೌಮತ್ವವೆಂದರೆ ಹಲವು ಅಧಿಕಾರಗಳ ಕಟ್ಟು, ಅದನ್ನು ಬಿಚ್ಚಿ ಹಂಚಬಹುದು, ಹಂಚಲಾಗದ್ದು ಸ್ವಾತಂತ್ರ್ಯ ಮಾತ್ರ.

ಈ ಹಂಚಿಕೆ ಹೇಗಿತ್ತೆಂದು ನೋಡಲು ಮೈಸೂರಿನ ಹಸ್ತಾಂತರ ಪತ್ರಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಳ್ವಿಕೆಯ ನಂತರ, 1881ರ ಮಾರ್ಚ್ 25ರಂದು, ರಾಜ್ಯ ಚಾಮರಾಜೇಂದ್ರ ಒಡೆಯರ ಕೈಸೇರಿತು. ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ಸಲ್ಲಬೇಕು. ಹೊಸ ಕೋಟೆ ಕಟ್ಟುವಂತಿಲ್ಲ, ನಿಂತುಹೋದ ನಾಣ್ಯವನ್ನು ಮತ್ತೆ ಟಂಕಿಸುವಂತಿಲ್ಲ. ಸೈನ್ಯದ ಮಿತಿ ಗವರ್ನರ್ ಜನರಲ್ ಗೊತ್ತುಪಡಿಸಿದಷ್ಟೇ. ಅವನ ಮನ್ನಣೆಯಿಲ್ಲದೆ ಉತ್ತರಾಧಿಕಾರವೂ ಸಿಂಧುವಲ್ಲ. ಇವೆಲ್ಲ ಮೇನ್‌ನ ಲೆಕ್ಕದಲ್ಲಿ ಪಾಲುಗಳೇ. ಆದರೆ ಪತ್ರದ ಕೊನೆಯ ಭಾಗದಲ್ಲಿ ಇನ್ನೊಂದು ಷರತ್ತಿದೆ: ಕರಾರು ಪಾಲನೆಯಾಗಿದೆಯೇ ಇಲ್ಲವೇ ಎಂಬ ಪ್ರಶ್ನೆ ಎದ್ದರೆ ಸಪರಿಷತ್ ಗವರ್ನರ್ ಜನರಲ್‌ನ ತೀರ್ಮಾನವೇ ಅಂತಿಮ.

ವಿಭಜನೆಯ ಸಿದ್ಧಾಂತ ಸೋಲುವುದು ಇಲ್ಲೇ ಎಂಬುದು ನನ್ನ ವಾದ. ಪಾಲು ಎಷ್ಟೇ ಆಗಲಿ, ಪಾಲಿನ ಗೆರೆ ಎಳೆಯುವ ಅಧಿಕಾರ ಇಬ್ಬರಿಗೆ ಹಂಚಿಕೆಯಾಗಲಿಲ್ಲ. ಮುಂಬಾಗಿಲಿನಿಂದ ಹೊರಹಾಕಿದ ಆಸ್ಟಿನ್‌ನನ್ನು ಹಿತ್ತಿಲಿನಿಂದ ಕರೆದುತಂದದ್ದು ಬ್ರಿಟಿಷ್ ಕಾನೂನು ಪಂಡಿತರೇ. 1913ರಲ್ಲಿ ಹಸ್ತಾಂತರ ಪತ್ರದ ಜಾಗಕ್ಕೆ ಒಪ್ಪಂದ ಬಂದು ಮೈಸೂರಿನ ಮಾನ ಹೆಚ್ಚಿತು, ನಿಜ. ಆದರೂ 1929ರಲ್ಲಿ ಬಟ್ಲರ್ ಸಮಿತಿ ಸಂಸ್ಥಾನಗಳ ಮೇಲಿನ ಬ್ರಿಟಿಷರ ಅಧೀಶ್ವರತ್ವಕ್ಕೆ ಖಚಿತ ವ್ಯಾಖ್ಯೆ ಕೊಡಲು ಒಪ್ಪಲಿಲ್ಲ. ವ್ಯಾಖ್ಯೆ ಕೊಟ್ಟರೆ ಮಿತಿಯೂ ಬರುತ್ತಿತ್ತು.

1947ರ ಆಗಸ್ಟ್‌ನಲ್ಲಿ ಅರಸರು ಸಹಿ ಮಾಡಿದ ವಿಲೀನ ಪತ್ರವೂ ಮೇನ್‌ನ ಜಾಡಿನದೇ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ದೆಹಲಿಗೆ, ಉಳಿದ ಸಾರ್ವಭೌಮತ್ವ ಅರಸರಿಗೆ. ಆದರೆ ಹಸ್ತಾಂತರ ಪತ್ರದಲ್ಲಾಗಲಿ ವಿಲೀನ ಪತ್ರದಲ್ಲಾಗಲಿ ಪ್ರಜೆಗಳು ಕಕ್ಷಿದಾರರಾಗಿರಲಿಲ್ಲ. ಆ ಕೊರತೆಯನ್ನು ಎತ್ತಿ ತೋರಿಸಿದ್ದು ಸಿದ್ಧಾಂತವಲ್ಲ, ಜವಾಬ್ದಾರಿ ಸರ್ಕಾರಕ್ಕಾಗಿ ಜನ ನಡೆಸಿದ 'ಮೈಸೂರು ಚಲೋ' ಚಳವಳಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿ ನೇತೃತ್ವದ ಜವಾಬ್ದಾರಿ ಸರ್ಕಾರ ಬಂತು. 1949ರ ನವೆಂಬರ್ 25ರಂದು ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಘೋಷಣೆ ಹೊರಡಿಸಿದರು.