ಹುಬ್ಬಳ್ಳಿಗೆ ಹೋದವರು

ಹುಬ್ಬಳ್ಳಿಯ ಜನ ಎಲ್ಲಿಂದ ಬಂದವರು ಎಂದು ಆ ಊರಿನ ಹಿರಿಯರೊಬ್ಬರನ್ನು ಕೇಳಿ ನೋಡಿರಿ. ರೈಲ್ವೆ ಕಾರಖಾನೆಗೆಂದು ಬಂದ ತಮಿಳರು, ತೆಲುಗರು; ಅರಳೆಯ ವ್ಯಾಪಾರಕ್ಕೆ ಬಂದ ಗುಜರಾತಿಗಳು, ಮಾರವಾಡಿಗಳು; ಮಗ್ಗ ಹೂಡಿದ ಪಟ್ಟೇಗಾರರು ಎಂದು ಬೆರಳು ಮಡಿಸುತ್ತ ಹೋಗುತ್ತಾರೆ. ಪಕ್ಕದ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬೇರೆ ನುಡಿಯವನು ಬಂದರೆ ಊರಿಗೆ ಗೊತ್ತಾಗುತ್ತದೆ. ನಮ್ಮದೇ ಮಾತನಾಡುತ್ತ, ರೊಟ್ಟಿಯ ಗಂಟು ಕಟ್ಟಿಕೊಂಡು, ನಡೆದೋ ಚಕ್ಕಡಿ ಏರಿಯೋ ಬಂದವನು ಬಂದದ್ದೇ ಯಾರಿಗೂ ತಿಳಿಯುವುದಿಲ್ಲ.

ಈ ನಾಲ್ಕು ಊರುಗಳು ಎಂದಿನಿಂದಲೂ ಜನರನ್ನು ಹೊರಗೆ ಕಳಿಸಿದ ಊರುಗಳೆಂದು ಮಾತ್ರ ತಿಳಿಯಬೇಡಿರಿ. ಒಂದು ಕಾಲಕ್ಕೆ ಕಿತ್ತೂರೇ ಜನರನ್ನು ಕರೆಯುವ ಊರಾಗಿತ್ತು. ದೇಸಾಯರ ಮೂಲಪುರುಷರೇ ಸಾಗರದ ಕಡೆಯಿಂದ ಬಂದವರೆಂದು ಪ್ರತೀತಿ. ರಾಮದುರ್ಗವನ್ನು ಆಳಿದ ಭಾವೆ ಮನೆತನದ ಬೇರು ಕೊಂಕಣದಲ್ಲಿದೆ. 1824ರ ಅಕ್ಟೋಬರದಲ್ಲಿ ಥ್ಯಾಕರೆ ಬಿದ್ದನು, ಡಿಸೆಂಬರದಲ್ಲಿ ಕಿತ್ತೂರ ಕೋಟೆ ಬಿದ್ದಿತು. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇಷ್ಟು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಸಂಸ್ಥಾನದ ಅನ್ನ ಉಂಡವರ ಗತಿ ಏನಾಯಿತು ಎಂದು ಎಷ್ಟು ಜನ ಕೇಳುತ್ತೇವೆ? ಕಾವಲುಗಾರ, ಕುದುರೆಯಾಳು, ಬಡಿಗ, ಕಮ್ಮಾರ, ಕಾರಕೂನ, ಚಾಕರಿಗೆಂದು ಹೊಲ ಪಡೆದ ಶೇತಸನದಿ, ಇವರೆಲ್ಲರಿಗೂ ಒಂದು ಮನೆತನವೇ ಆಸರೆಯಾಗಿತ್ತು. ಸಂಗೊಳ್ಳಿ ರಾಯಣ್ಣನು ಅಂಥ ಶೇತಸನದಿಗಳಲ್ಲೊಬ್ಬ. ಅವನ ದಂಡು ಬೀಡಿ, ಸಂಪಗಾಂವಿಗಳ ಸರಕಾರಿ ಕಚೇರಿಗಳ ಮೇಲೆ ಎರಗಿದ್ದರ ಹಿಂದೆ ರಾಣಿಯ ಮೇಲಿನ ನಿಷ್ಠೆಯಂತೆ ಹೊಲ ಕಳೆದುಕೊಂಡವರ ಉರಿಯೂ ಇತ್ತೆಂದೇ ನಾನು ತಿಳಿಯುತ್ತೇನೆ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಮೇಲೆ ಆ ಬಗೆಯ ಜೀವನಕ್ಕೆ ತೆರೆಬಿದ್ದಿತು.

ಮುಂದೆ ಬರಗಾಲ. 1876ರಿಂದ 78ರ ವರೆಗಿನ ಆ ಬರ ಮೂಡಲ ಸೀಮೆಯ ಎರೆಹೊಲಗಳನ್ನು ಹೆಚ್ಚಾಗಿ ಕಾಡಿತು. ಸವದತ್ತಿ, ರಾಮದುರ್ಗಗಳು ಮಳೆ ತಪ್ಪಿಸಿಕೊಳ್ಳುವ ಆ ಸಾಲಿನವೇ. ಅದರ ಬೆನ್ನಿಗೆ 1880ರ ದಶಕದಲ್ಲಿ ರೈಲು ಬಂದಿತು. ಆದರೆ ಈ ನಾಲ್ಕು ಊರುಗಳಲ್ಲಿ ಒಂದನ್ನೂ ಅದು ಮುಟ್ಟಲಿಲ್ಲ. ಕಾರಖಾನೆ ಹುಬ್ಬಳ್ಳಿಯಲ್ಲಿ ಎದ್ದಿತು, ಅರಳೆಯ ಗಿರಣಿಯೂ ಅಲ್ಲಿಯೇ. ಬೈಲಹೊಂಗಲದ ಅರಳೆ ಬಂಡಿಯ ಹಿಂದೆ ಹೋದ ಆಳು ದಾರಿ ಕಲಿತನು. ಮುಂದಿನ ವರ್ಷ ಬಂಡಿಯಿಲ್ಲದೆ ಹೋದನು.

ಅಂಕಿಗಳನ್ನು ನೋಡಿರಿ. ಬೆಳಗಾವಿ ಜಿಲ್ಲೆಯ ಜನ 1891ರಲ್ಲಿ 10,13,261; 1901ರಲ್ಲಿ 9,93,976. ಹತ್ತು ವರ್ಷದಲ್ಲಿ ಸುಮಾರು 19 ಸಾವಿರ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಹುಬ್ಬಳ್ಳಿ 52 ಸಾವಿರದಿಂದ 60 ಸಾವಿರಕ್ಕೆ ಏರಿತು. ಇಳಿದವರೆಲ್ಲ ಅಲ್ಲಿಗೆ ಹೋದರೆಂದಲ್ಲ. ಬರ, ಪ್ಲೇಗುಗಳಿಗೆ ಸತ್ತವರು ಬಹಳ. ಆದರೆ 1898ರ ಪ್ಲೇಗು ಹುಬ್ಬಳ್ಳಿಯನ್ನೇನು ಬಿಟ್ಟಿತೆ? ಹಾಫ್‌ಕಿನ್ ಲಸಿಕೆಯನ್ನು ಸಾವಿರಗಟ್ಟಲೆ ಜನರಿಗೆ ಚುಚ್ಚಿದ ಊರು ಅದು. ಅಷ್ಟು ಸಾವು ಕಂಡ ಪೇಟೆ ಹತ್ತು ವರ್ಷದ ಲೆಕ್ಕದಲ್ಲಿ ಬೆಳೆದು ನಿಲ್ಲಬೇಕಾದರೆ ಹೊರಗಿನಿಂದ ಜನ ತುಂಬಿರಲೇಬೇಕು. (ಹಳೆಯ ಜನಗಣತಿಯ ಪುಸ್ತಕ ತಿರುವುವವರು ಒಂದು ಮಾತು ನೆನಪಿಡಿರಿ: ಅಲ್ಲಿ ಬೈಲಹೊಂಗಲ ಭಾಗದ ತಾಲೂಕಿಗೆ ಸಂಪಗಾಂವಿಯೆಂದೂ ಸವದತ್ತಿಯದಕ್ಕೆ ಪರಸಗಡವೆಂದೂ ಹೆಸರು.)

ರಾಮದುರ್ಗದವನ ಪಾಡು ಇನ್ನೂ ವಿಚಿತ್ರ. 1948ರಲ್ಲಿ ಸಂಸ್ಥಾನ ವಿಲೀನವಾಗುವ ವರೆಗೆ ಅವನು ರಾಜರ ಪ್ರಜೆ. ಮಗ್ಗ ನಿಂತು ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೊರಟ ನೇಕಾರನು ಕಾಗದದ ಮೇಲೆ ಒಂದು ರಾಜ್ಯವನ್ನೇ ದಾಟಿ ಹೋದಂತೆ! ಅವನಿಗೆ ಮಾತ್ರ ಅದು ಸಂತೆಗೆ ಹೋಗುವ ದಾರಿಯೇ.

1956ರ ನವೆಂಬರ 1ರಂದು ರಾಜಧಾನಿ ಮುಂಬಯಿಯಿಂದ ಬೆಂಗಳೂರಿಗೆ ಬದಲಾಯಿತು. ಆದರೂ ಈ ಸೀಮೆಯವರಿಗೆ ಹತ್ತಿರದ ದೊಡ್ಡ ಪೇಟೆ ಹುಬ್ಬಳ್ಳಿಯೇ ಉಳಿಯಿತು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದವು. 2011ರ ಗಣತಿಗೆ ಅಲ್ಲಿಯ ಜನ ಸುಮಾರು 9.4 ಲಕ್ಷ.

ಇಷ್ಟು ಜನಕ್ಕೆ ನೀರು ಬೇಡವೆ? ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಮುಗಿಯಿತು. ನದಿಯ ದಂಡೆಯ ಹಳ್ಳಿಗಳು ರೇಣುಕಾಸಾಗರದಲ್ಲಿ ಮುಳುಗಿದವು. ಮನೆಗಳ ತೊಲೆ ಬಾಗಿಲು ಬಿಚ್ಚಿಕೊಂಡು ಜನ ಮೇಲಿನ ಹೊಸ ಊರುಗಳಿಗೆ ಏರಿದರು; ಹೊಲ ಹೋದ ಮೇಲೆ ಹೊಸ ಊರಿನಲ್ಲಿ ನಿಲ್ಲದೆ ಶಹರದ ದಾರಿ ಹಿಡಿದವರೂ ಉಂಟು. 1980ರ ದಶಕದಿಂದ ಆ ಸಾಗರದ ನೀರೂ ಅದೇ ದಾರಿ ಹಿಡಿದು, ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಹುಬ್ಬಳ್ಳಿಯ ನಲ್ಲಿಗಳಿಗೆ ಬರುತ್ತಿದೆ.

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹುಬ್ಬಳ್ಳಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸು ಹತ್ತಿ ಕುಳಿತುಕೊಳ್ಳಿರಿ. ಜಾತ್ರೆಗೆ ಹೊರಟವರನ್ನು ಮಾತಿಗೆಳೆಯಿರಿ. ತನ್ನ ಅಜ್ಜಿಯ ಊರು ಆ ನೀರಿನ ತಳದಲ್ಲಿ ಇಂಥ ಕಡೆ ಇದೆ ಎಂದು ಬೆರಳು ಮಾಡಿ ತೋರಿಸುವವರು ಅವರಲ್ಲಿ ಸಿಕ್ಕಾರು.