ಕಾಣೆಯಾದವರ ಜಾಡು: ಹಳೆಯ ಪತ್ರಿಕೆಗಳಲ್ಲಿ ಮತ್ತು ದೇಶಭಕ್ತ ಸಂಘಗಳಲ್ಲಿ ಐರಿಷ್ ಪೂರ್ವಜರು

ಒಂದು ಕುಟುಂಬವು ತನ್ನ ಹಿರಿಯರ ಊರನ್ನು ಮರೆಯಲು ಮೂರು ತಲೆಮಾರು ಸಾಕು. ಮುತ್ತಜ್ಜನ ಹೆಸರು ನೆನಪಿರುತ್ತದೆ. ಅವನ ತಾಯಿಯ ಹೆಸರು ಅಳಿಸಿಹೋಗಿರುತ್ತದೆ. ಅವನಿಗೆ ಯಾವ ಊರಿನ ದೇವಾಲಯದಲ್ಲಿ ಜ್ಞಾನಸ್ನಾನವಾಯಿತೆಂದು ಹೇಳಬಲ್ಲವರು ಒಬ್ಬರೂ ಉಳಿದಿರುವುದಿಲ್ಲ. ಮನೆ ಬಿಟ್ಟು ಕಡಲು ದಾಟಿದವರ ವಂಶದಲ್ಲಂತೂ ಈ ಮರೆವು ಇನ್ನೂ ಬೇಗ ಕವಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದ ಲಕ್ಷಾಂತರ ಬಡ ಕಥೋಲಿಕರ ಕಥೆ ಇಂಥದು. ಅವರ ಸಂತತಿಯವರು ಇಂದು ತಮ್ಮ ಮೂಲವನ್ನರಸಿ ಹೊರಟಾಗ ಎರಡು ಬಗೆಯ ದಾಖಲೆಗಳು ಅವರ ಕೈಹಿಡಿಯುತ್ತವೆ. ಒಂದು, ಹಳೆಯ ವೃತ್ತಪತ್ರಿಕೆಗಳು. ಇನ್ನೊಂದು, ವಲಸೆ ಹೋದವರು ಕಟ್ಟಿಕೊಂಡ ದೇಶಭಕ್ತ ಸಂಘಗಳ ಪುಸ್ತಕಗಳು. ಶತಮಾನೋತ್ಸವವೆಂದರೆ ನಡೆದು ಬಂದ ದಾರಿಯನ್ನು ಹಿಂದಿರುಗಿ ನೋಡುವ ಹೊತ್ತು. ಈ ಹೊತ್ತಿನಲ್ಲಿ ಅವರ ಹುಡುಕಾಟದ ಬಗೆಯನ್ನು ಅರಿತುಕೊಳ್ಳುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡಲಾಗಿದೆ.

ಮನೆ ಬಿಟ್ಟವರು

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ತುಂಡು ನೆಲದಲ್ಲಿ ಗೇಣಿ ಮಾಡಿ ಆಲೂಗಡ್ಡೆಯನ್ನೇ ನಂಬಿ ಬದುಕುತ್ತಿದ್ದ ಬಡವರಿಗೆ ಅದು ಅನ್ನದ ಬಾಗಿಲೇ ಮುಚ್ಚಿದಂತಾಯಿತು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಹಸಿವಿಗೂ ಜ್ವರಕ್ಕೂ ಬಲಿಯಾದರು. ಹತ್ತು ಲಕ್ಷಕ್ಕೂ ಮಿಗಿಲಾದ ಜನ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 81,75,124 ಇದ್ದ ಜನಸಂಖ್ಯೆ 1851ರಲ್ಲಿ 65,52,385ಕ್ಕೆ ಇಳಿಯಿತು. ಈ ಅಂಕಿಗಳ ಹಿಂದೆ ಒಡೆದುಹೋದ ಮನೆಗಳಿವೆ. ಮೊದಲು ತಂದೆ ಹೋಗುವುದು, ದುಡಿದು ಹಣ ಕಳುಹಿಸುವುದು, ಬಳಿಕ ಹಿರಿಯ ಮಗಳು, ಕೊನೆಗೆ ತಾಯಿ ಮತ್ತು ಎಳೆಯ ಮಕ್ಕಳು ಹಡಗು ಹತ್ತುವುದು, ಇದು ಅವರ ವಾಡಿಕೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಸಂಸಾರ ದಿಕ್ಕಾಪಾಲಾಗುತ್ತಿತ್ತು. 1847ರಲ್ಲಿ ಕೆನಡಾದ ಗ್ರೋಸ್ ಈಲ್ ದ್ವೀಪದ ತಪಾಸಣಾ ಠಾಣೆಯಲ್ಲಿ 5,000ಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಲಾಯಿತು. ಬಾಸ್ಟನ್ನಿನಲ್ಲಿ ಕಾದು ಕುಳಿತವರಿಗೆ ತಮ್ಮವರು ಅಲ್ಲಿ ಮಡಿದರೋ, ಉಳಿದು ಬೇರೆ ಊರಿಗೆ ಹೋದರೋ ಎಂಬುದು ಎಷ್ಟೋ ಸಲ ತಿಳಿಯಲೇ ಇಲ್ಲ.

ಬೂದಿಯಾದ ದಾಖಲೆಗಳು

ಇಂಥವರ ಮೂಲವನ್ನು ಸರಕಾರದ ಕಡತಗಳಲ್ಲಿ ನೋಡಬಾರದೇಕೆ ಎಂದು ಯಾರಾದರೂ ಕೇಳಬಹುದು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸಿಡಿದು ಬೆಂಕಿಗೆ ಆಹುತಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳಲ್ಲಿ ಬಹುಪಾಲು ಅಲ್ಲಿಯೇ ಸುಟ್ಟುಹೋದುವು. 1861 ಮತ್ತು 1871ರವನ್ನು ಸರಕಾರವೇ ಹಿಂದೆ ನಾಶಮಾಡಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಗಿರಣಿಯ ಪಾಲಾಗಿದ್ದುವು. ಹೀಗಾಗಿ ಪೂರ್ಣವಾಗಿ ಉಳಿದಿರುವ ಮೊದಲ ಜನಗಣತಿ 1901ರದು. ಬರಗಾಲದಲ್ಲಿ ಹೊರಟವರಿಗೂ ಅದಕ್ಕೂ ಅರ್ಧ ಶತಮಾನದ ಅಂತರ.

ಆದರೆ ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಆಂಗ್ಲಿಕನ್ ಸಭೆಯ ದಫ್ತರಗಳಲ್ಲಿ ಅರ್ಧದಷ್ಟನ್ನು ಅದೇ ಭಂಡಾರಕ್ಕೆ ಒಪ್ಪಿಸಲಾಗಿತ್ತು; ಅವು ಬೂದಿಯಾದುವು. ಕಥೋಲಿಕ ಧರ್ಮಕೇಂದ್ರಗಳ ಜ್ಞಾನಸ್ನಾನ ಮತ್ತು ವಿವಾಹದ ಪುಸ್ತಕಗಳು ಮಾತ್ರ ಗುರುಗಳ ಮನೆಗಳ ಪೆಟ್ಟಿಗೆಗಳಲ್ಲಿಯೇ ಇದ್ದುವು, ಆದುದರಿಂದ ಉಳಿದುವು. ಮುಂದೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಅವುಗಳ ಛಾಯಾಪ್ರತಿಗಳನ್ನು ತೆಗೆಯಿಸಿತು. 2015ರಿಂದ ಅವನ್ನು ಅಂತರ್ಜಾಲದಲ್ಲಿ ಯಾರಾದರೂ ಬೆಲೆಯಿಲ್ಲದೆ ನೋಡಬಹುದಾಗಿದೆ.

ತೊಡಕೆಂದರೆ, ಆ ಪುಸ್ತಕವನ್ನು ತೆರೆಯಲು ಧರ್ಮಕೇಂದ್ರದ ಹೆಸರು ಮೊದಲೇ ತಿಳಿದಿರಬೇಕು. ಅಮೆರಿಕದ ಸರಕಾರಿ ದಾಖಲೆಗಳು ಅದನ್ನು ಹೇಳುವುದು ಅಪರೂಪ. 1850ರ ಜನಗಣತಿಯಲ್ಲಿ ಮೊದಲ ಬಾರಿಗೆ ಮನೆಯಲ್ಲಿದ್ದ ಸ್ವತಂತ್ರ ಪ್ರಜೆಗಳೆಲ್ಲರ ಹೆಸರನ್ನು ಬರೆಯಲಾಯಿತು. ಆದರೆ ಹುಟ್ಟಿದ ಸ್ಥಳದ ಅಂಕಣದಲ್ಲಿ ‘ಐರ್ಲೆಂಡ್’ ಎಂಬ ಒಂದೇ ಮಾತು. 1906ಕ್ಕೆ ಮುಂಚಿನ ಪೌರತ್ವದ ಕಾಗದಗಳೂ ಸಾಮಾನ್ಯವಾಗಿ ಅಷ್ಟನ್ನೇ ಹೇಳುತ್ತವೆ. ಮೂವತ್ತೆರಡು ಕೌಂಟಿಗಳು, ಅರುವತ್ತು ಸಾವಿರಕ್ಕೂ ಹೆಚ್ಚು ಟೌನ್‌ಲ್ಯಾಂಡ್ ಎಂಬ ಪುಟ್ಟ ಗ್ರಾಮಘಟಕಗಳಿರುವ ನಾಡಿನಲ್ಲಿ ಆ ಒಂದು ಮಾತಿನಿಂದ ಯಾವ ಮನೆಯ ಬಾಗಿಲನ್ನು ತಟ್ಟುವುದು?

ಪತ್ರಿಕೆಯ ಒಂದು ಅಂಕಣ

ಈ ಕೊರತೆಯನ್ನು ತುಂಬಿಕೊಟ್ಟದ್ದು ಒಂದು ಕಥೋಲಿಕ ಪತ್ರಿಕೆ. ಬಾಸ್ಟನ್ನಿನ ಧರ್ಮಾಧ್ಯಕ್ಷರಾದ ಬೆನೆಡಿಕ್ಟ್ ಫೆನ್ವಿಕ್ಕರು 1829ರಲ್ಲಿ ಸ್ಥಾಪಿಸಿದ ಈ ವಾರಪತ್ರಿಕೆ 1836ರಲ್ಲಿ ‘ದಿ ಪೈಲಟ್’ ಎಂಬ ಹೆಸರನ್ನು ತಳೆಯಿತು. ಅದರಲ್ಲಿ 1831ರ ಅಕ್ಟೋಬರಿನಿಂದ 1921ರ ಅಕ್ಟೋಬರಿನವರೆಗೆ, ತೊಂಬತ್ತು ವರುಷಗಳ ಕಾಲ, ಕಾಣೆಯಾದ ಬಂಧುಮಿತ್ರರನ್ನು ಹುಡುಕುವ ಪ್ರಕಟಣೆಗಳು ಅಚ್ಚಾದುವು. ಹಣ ಕೊಟ್ಟು ಹಾಕಿಸಿದ ನಾಲ್ಕಾರು ಸಾಲುಗಳ ಜಾಹೀರಾತುಗಳು ಅವು. ಹುಡುಕುವವರು ತಮ್ಮವರ ಗುರುತು ತಪ್ಪಬಾರದೆಂದು ಕೌಂಟಿ, ಧರ್ಮಕೇಂದ್ರ, ಟೌನ್‌ಲ್ಯಾಂಡ್ ಎಲ್ಲವನ್ನೂ ಹೇಳುತ್ತಿದ್ದರು. ಹಡಗಿನ ಹೆಸರು, ಹೊರಟ ವರುಷ, ಇಳಿದ ಬಂದರು, ಕಸಬು, ಕಡೆಯ ಬಾರಿ ಕಾಗದ ಬಂದ ಊರು, ಹೆಂಡತಿಯ ತವರಿನ ಹೆಸರು, ಕೆಲವೊಮ್ಮೆ ಮೈಮೇಲಿನ ಗುರುತು, ಇವೂ ಸೇರುತ್ತಿದ್ದುವು. ಉತ್ತರವನ್ನು ಇಂಥ ಊರಿನ ಗುರುಗಳ ವಿಳಾಸಕ್ಕೆ ಬರೆಯಿರಿ ಎಂಬ ಒಕ್ಕಣೆಯೂ ಉಂಟು. ಓದುಬರಹ ಬಾರದವರ ಪರವಾಗಿ ಗುರುಗಳೇ ಲೇಖನಿ ಹಿಡಿಯಬೇಕಾಗಿತ್ತು.

ಇವನ್ನು ಒಂದರ ಮೇಲೊಂದು ಓದುತ್ತ ಹೋದರೆ ಒಂದು ಜನಾಂಗದ ಅಳಲು ಕೇಳಿಸುತ್ತದೆ. ಕಾಲುವೆ ಅಗೆಯಲು, ರೈಲುದಾರಿ ಹಾಸಲು ಹೋದ ಗಂಡನಿಂದ ಕಾಗದ ಬಾರದೆ ಮಕ್ಕಳನ್ನು ಕಟ್ಟಿಕೊಂಡು ಬಂದಿಳಿದ ಹೆಂಡತಿ. ಮನೆಗೆಲಸಕ್ಕೆ ಸೇರಿದ ತಂಗಿಯ ಸುಳಿವು ತಪ್ಪಿದ ಅಣ್ಣ. ಮಗನಿಗಾಗಿ ಐರ್ಲೆಂಡಿನಿಂದಲೇ ಪ್ರಕಟಣೆ ಕಳುಹಿಸಿದ ಮುದಿ ತಾಯಿ, ಎಲ್ಲರೂ ಅಲ್ಲಿದ್ದಾರೆ. ಚರಿತ್ರೆಯ ಗ್ರಂಥಗಳಲ್ಲಿ ಹೆಸರೇ ಇಲ್ಲದ ಇಂಥವರ ಪಾಲಿಗೆ ಅಚ್ಚಿನಲ್ಲಿ ಉಳಿದ ಗುರುತು ಎಷ್ಟೋ ವೇಳೆ ಇದೊಂದೇ. ನ್ಯೂ ಇಂಗ್ಲೆಂಡ್ ಪ್ರದೇಶದ ವಂಶಾವಳಿ ಸಂಸ್ಥೆಯೊಂದು ಈ ಪ್ರಕಟಣೆಗಳನ್ನು ಎಂಟು ಸಂಪುಟಗಳಲ್ಲಿ ಸಂಗ್ರಹಿಸಿತು. ಬಾಸ್ಟನ್ ಕಾಲೇಜು ಸಿದ್ಧಪಡಿಸಿದ ಸೂಚಿಯಲ್ಲಿ 40,000ಕ್ಕೂ ಹೆಚ್ಚು ನಮೂದುಗಳಿವೆ.

ಈ ಪತ್ರಿಕೆಯ ಸಂಪಾದಕರಲ್ಲೊಬ್ಬರ ಬಾಳೇ ಒಂದು ಕಥೆ. 1844ರಲ್ಲಿ ಮೀತ್ ಕೌಂಟಿಯ ಡೌತ್ ಎಂಬಲ್ಲಿ ಹುಟ್ಟಿದ ಜಾನ್ ಬಾಯ್ಲ್ ಒ’ರೈಲಿಯವರು ಬ್ರಿಟಿಷ್ ಸೈನ್ಯದಲ್ಲಿದ್ದುಕೊಂಡೇ ಫೀನಿಯನ್ ಕ್ರಾಂತಿಕಾರರ ಪಕ್ಷಕ್ಕೆ ಜನ ಕೂಡಿಸಿದ್ದಕ್ಕಾಗಿ ಶಿಕ್ಷೆಗೊಳಗಾಗಿ 1868ರಲ್ಲಿ ಪಶ್ಚಿಮ ಆಸ್ಟ್ರೇಲಿಯಕ್ಕೆ ಗಡೀಪಾರಾಗಿ ಬಂದಿಳಿದರು. ಮರುವರುಷ ಪ್ಯಾಟ್ರಿಕ್ ಮೆಕೇಬ್ ಎಂಬ ಗುರುಗಳ ನೆರವಿನಿಂದ ಅಮೆರಿಕದ ತಿಮಿಂಗಿಲ ಬೇಟೆಯ ಹಡಗೊಂದನ್ನು ಸೇರಿ ಪಾರಾದರು. ಬಾಸ್ಟನ್ನಿಗೆ ಬಂದು ‘ಪೈಲಟ್’ ಸೇರಿ, 1876ರಲ್ಲಿ ಮಹಾಧರ್ಮಾಧ್ಯಕ್ಷ ಜಾನ್ ವಿಲಿಯಮ್ಸರೊಡನೆ ಅದರ ಒಡೆತನದಲ್ಲೂ ಪಾಲುಗಾರರಾಗಿ, 1890ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಮನೆಯನ್ನು ಕಳೆದುಕೊಂಡವರ ಪ್ರಕಟಣೆಗಳನ್ನು ಮನೆಯನ್ನು ಕಳೆದುಕೊಂಡವರೊಬ್ಬರೇ ಅಚ್ಚಿಗೆ ಕಳುಹಿಸಿದರೆಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಸಂಘಗಳ ಪುಸ್ತಕಗಳು

ಪರದೇಶದಲ್ಲಿ ಕಾಯಿಲೆ ಬಿದ್ದರೆ ನೋಡುವವರಾರು, ಸತ್ತರೆ ಮಣ್ಣು ಮಾಡುವವರಾರು ಎಂಬ ಭಯದಿಂದಲೇ ವಲಸಿಗರ ಸಂಘಗಳು ಹುಟ್ಟಿದುವು. ಬಾಸ್ಟನ್ನಿನ ಐರಿಷ್ ದಾನಧರ್ಮ ಸಂಘವು 1737ರಷ್ಟು ಹಳೆಯದು. ಫಿಲಡೆಲ್ಫಿಯದ ‘ಸಂತ ಪ್ಯಾಟ್ರಿಕ್ಕರ ಸ್ನೇಹಪುತ್ರರು’ ಎಂಬ ಸಂಘ 1771ರದು. ಇವು ಬಹುಮಟ್ಟಿಗೆ ಉಳ್ಳವರ ಕೂಟಗಳು. ದುಡಿಯುವ ಕಥೋಲಿಕರ ದೊಡ್ಡ ಆಸರೆಯಾದದ್ದು 1836ರಲ್ಲಿ ನ್ಯೂಯಾರ್ಕಿನ ಸಂತ ಜೇಮ್ಸರ ದೇವಾಲಯದ ಪರಿಸರದಲ್ಲಿ ಹುಟ್ಟಿದ ‘ಏನ್ಷಂಟ್ ಆರ್ಡರ್ ಆಫ್ ಹೈಬರ್ನಿಯನ್ಸ್’. ಅದು ಕಥೋಲಿಕರ ಮೇಲೆ ದ್ವೇಷ ಹೊಗೆಯಾಡುತ್ತಿದ್ದ ಕಾಲ. 1834ರಲ್ಲಿ ಬಾಸ್ಟನ್ನಿನ ಬಳಿ ಉರ್ಸುಲೈನ್ ಕನ್ಯಾಮಠವನ್ನೂ 1844ರಲ್ಲಿ ಫಿಲಡೆಲ್ಫಿಯದ ಸಂತ ಮೈಕೇಲರ ಮತ್ತು ಸಂತ ಅಗಸ್ಟೀನರ ದೇವಾಲಯಗಳನ್ನೂ ದೊಂಬಿಯವರು ಸುಟ್ಟರು. ದೇವಾಲಯವನ್ನು ಕಾಯುವುದು, ರೋಗಿಗೆ ವಾರದ ನೆರವು ಕೊಡುವುದು, ಸತ್ತವನ ಅಂತ್ಯಸಂಸ್ಕಾರದ ವೆಚ್ಚ ಭರಿಸುವುದು ಸಂಘದ ಕೆಲಸಗಳಾದುವು.

ಹಣ ಕೊಡುವ ಸಂಘ ಲೆಕ್ಕ ಇಡಲೇಬೇಕು. ಆ ಲೆಕ್ಕವೇ ಇಂದು ವಂಶ ಹುಡುಕುವವರ ಭಾಗ್ಯ. ಸೇರಿದ ದಿನ, ವಯಸ್ಸು, ಕಸಬು, ವಂತಿಗೆ, ಕಾಯಿಲೆ, ಮರಣ, ಪರಿಹಾರ ಪಡೆದ ವಿಧವೆಯ ಹೆಸರು, ಇವೆಲ್ಲ ಉಳಿದ ಪುಸ್ತಕಗಳಲ್ಲಿ ಸಿಗುತ್ತವೆ. ಕೌಂಟಿಗಳ ಹೆಸರಿನ ಸಂಘಗಳು ಇನ್ನೂ ಉಪಕಾರಿ; ಸ್ಲೈಗೋ ಸಂಘದ ಸದಸ್ಯನ ಮೂಲವನ್ನು ಸ್ಲೈಗೋದಲ್ಲಿಯೇ ಮೊದಲು ಹುಡುಕಬೇಕೆಂಬುದು ಸ್ಪಷ್ಟ. ವಲಸಿಗರ ನೆರವಿನ ಸಂಘದವರು ಮಹಾಧರ್ಮಾಧ್ಯಕ್ಷ ಜಾನ್ ಹ್ಯೂಸರ ಪ್ರೋತ್ಸಾಹದಿಂದ 1850ರಲ್ಲಿ ತೆರೆದ ನ್ಯೂಯಾರ್ಕಿನ ಎಮಿಗ್ರಂಟ್ ಉಳಿತಾಯ ಬ್ಯಾಂಕು, ರುಜು ಹಾಕಲು ಬಾರದ ಖಾತೆದಾರರ ಗುರುತಿಗಾಗಿ ಹುಟ್ಟೂರು, ತಂದೆತಾಯಿ, ಒಡಹುಟ್ಟಿದವರು, ಹಡಗು ಇವನ್ನೆಲ್ಲ ಕೇಳಿ ಬರೆದಿಟ್ಟಿತು. ಬಡವಳೊಬ್ಬಳು ಕೂಡಿಟ್ಟ ಪುಡಿಗಾಸಿನೊಡನೆ ಅವಳ ತಾಯಿಯ ಹೆಸರೂ ಹೀಗೆ ಭದ್ರವಾಯಿತು.

ರಾಜಕೀಯ ಸಂಘಗಳಲ್ಲಿ 1879ರಲ್ಲಿ ಮೈಕೇಲ್ ಡೇವಿಟ್ ಮತ್ತು ಪಾರ್ನೆಲ್ ಮುಂದಾಗಿ ಕಟ್ಟಿದ ಭೂಮಿ ಸಂಘದ ಹೆಸರನ್ನು ಮೊದಲು ಹೇಳಬೇಕು. ಗೇಣಿದಾರರ ಈ ಹೋರಾಟಕ್ಕೆ ಅಮೆರಿಕದ ಗಣಿಗಳಿಂದಲೂ ಗಿರಣಿಗಳಿಂದಲೂ ಹಣ ಹರಿದುಬಂತು. ಪ್ಯಾಟ್ರಿಕ್ ಫೋರ್ಡರು 1870ರಲ್ಲಿ ಆರಂಭಿಸಿದ್ದ ‘ಐರಿಷ್ ವರ್ಲ್ಡ್’ ಪತ್ರಿಕೆ ಕೊಟ್ಟವರ ಹೆಸರು, ಊರು, ಮೊತ್ತಗಳನ್ನು ವಾರವಾರವೂ ಪಟ್ಟಿಯಾಗಿ ಅಚ್ಚು ಹಾಕಿತು. ಜನಗಣತಿಗೆ ಸಿಕ್ಕದೆ ಊರೂರು ಅಲೆದ ಕೂಲಿಕಾರನೂ ತಾನು ಕೊಟ್ಟ ಒಂದು ಡಾಲರಿನಿಂದಾಗಿ ಅಲ್ಲಿ ಸಿಕ್ಕಬಹುದು. ಫ್ಯಾನಿ ಪಾರ್ನೆಲ್ಲರು 1880ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಮಹಿಳೆಯರ ಭೂಮಿ ಸಂಘದಿಂದ ಹೆಂಗಸರ ಹೆಸರುಗಳೂ ಬೆಳಕಿಗೆ ಬಂದುವು.

ಗುಟ್ಟಿನ ಸಂಘಗಳ ಜಾಡು ಹಿಡಿಯುವುದು ಕಷ್ಟ. 1858ರಲ್ಲಿ ಹುಟ್ಟಿದ ಫೀನಿಯನ್ ಸಂಘದ ಮೇಲೆ ಗುರುವರ್ಗದ ಅಸಮ್ಮತಿಯಿತ್ತು. 1870ರಲ್ಲಿ ರೋಮಿನಿಂದಲೇ ಖಂಡನೆ ಬಂತು. 1867ರಲ್ಲಿ ಸ್ಥಾಪಿತವಾದ ‘ಕ್ಲಾನ್ ನ ಗೇಲ್’ ಪ್ರತಿ ಅಕ್ಷರಕ್ಕೆ ಬದಲಾಗಿ ಅದರ ಮುಂದಿನ ಅಕ್ಷರವನ್ನು ಬರೆಯುವ ಸಂಕೇತವನ್ನು ಬಳಸುತ್ತಿತ್ತು, ‘ಯು. ಬಿ.’ ಎಂಬುದು ‘ವಿ. ಸಿ.’ ಆಗುತ್ತಿತ್ತು. ಇಂಥವರ ಸುಳಿವು ಹೆಚ್ಚಾಗಿ ಸಿಗುವುದು ಮರಣವಾರ್ತೆಯಲ್ಲಿ, ಶವಯಾತ್ರೆಯ ವರದಿಯಲ್ಲಿ, ಸಂತ ಪ್ಯಾಟ್ರಿಕ್ಕರ ಹಬ್ಬದ ಮೆರವಣಿಗೆಯ ಪಟ್ಟಿಗಳಲ್ಲಿ.

ಹುಡುಕುವ ಬಗೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಾಸ್ಟನ್ನಿನಲ್ಲಿ ತೀರಿಕೊಂಡ ಮುತ್ತಜ್ಜನ ಹೆಸರೊಂದೇ ಗೊತ್ತಿದೆ. ಮೊದಲು ಅವನ ಮರಣವಾರ್ತೆಯನ್ನು ಸ್ಥಳೀಯ ಪತ್ರಿಕೆಯಲ್ಲಿ ನೋಡಬೇಕು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಯಾವ ಸಂಘದವರೆಂದು ಅಲ್ಲಿ ಬರೆದಿದ್ದರೆ ಆ ಸಂಘದ ಪುಸ್ತಕದಿಂದ ವಯಸ್ಸೂ ಪ್ರಾಯಶಃ ಕೌಂಟಿಯೂ ತಿಳಿದೀತು. ಅನಂತರ ‘ಪೈಲಟ್’ ಸೂಚಿಯಲ್ಲಿ ಅವನ ಹೆಸರನ್ನು ಮಾತ್ರವಲ್ಲ, ಒಡಹುಟ್ಟಿದವರ ಹೆಸರುಗಳನ್ನೂ ನೋಡಬೇಕು. ಅವನನ್ನು ಯಾರೂ ಹುಡುಕದಿದ್ದರೂ ಅವನು ಯಾರನ್ನಾದರೂ ಹುಡುಕಿರಬಹುದು. ಅಲ್ಲಿ ಧರ್ಮಕೇಂದ್ರದ ಹೆಸರು ಸಿಕ್ಕರೆ ಐರ್ಲೆಂಡಿನ ಜ್ಞಾನಸ್ನಾನದ ಪುಸ್ತಕ ತೆರೆಯುತ್ತದೆ.

ಎಚ್ಚರವೂ ಬೇಕು. ಕಂದಾಯದ ಲೆಕ್ಕದ ಪ್ಯಾರಿಷ್ ಬೇರೆ, ಕಥೋಲಿಕ ಧರ್ಮಕೇಂದ್ರ ಬೇರೆ. ಎರಡರ ಎಲ್ಲೆಗಳು ಕೂಡುವುದಿಲ್ಲ. ಹೆಸರುಗಳನ್ನು ಲ್ಯಾಟಿನ್ನಿನಲ್ಲಿ ಬರೆಯುವ ರೂಢಿಯಿದ್ದುದರಿಂದ ಜೇಮ್ಸನು ‘ಯಾಕೋಬುಸ್’ ಆಗಿರುತ್ತಾನೆ. ಒ’ಸಲಿವನ್ ಮನೆತನದವರು ಒಂದು ತಲೆಮಾರಿನಲ್ಲಿ ಬರಿಯ ಸಲಿವನ್ ಆಗಿ, ಮುಂದಿನದರಲ್ಲಿ ‘ಒ’ ಅಕ್ಷರವನ್ನು ಮತ್ತೆ ಧರಿಸಿರಬಹುದು. ಹೆಸರು ಕೂಡಿತೆಂದು ವ್ಯಕ್ತಿ ಕೂಡಿದನೆಂದು ತಿಳಿಯಬಾರದು. ಹೆಸರಿನೊಡನೆ ಊರು, ವಯಸ್ಸು, ಬಂಧುಗಳು ಕೂಡಬೇಕು.

ಸತ್ಯಕ್ಕೆ ಅಂಜಬಾರದು

ಹುಡುಕಿದವರಿಗೆ ಸಿಗುವುದು ಸದಾ ಹೆಮ್ಮೆಯ ಸಂಗತಿಯಲ್ಲ. ಹೆಂಡತಿಮಕ್ಕಳನ್ನು ತೊರೆದು ಹೆಸರು ಬದಲಿಸಿಕೊಂಡವನೇ ಮುತ್ತಜ್ಜನೆಂದು ತಿಳಿದುಬರಬಹುದು. ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಗಳಲ್ಲಿ ‘ಮಾಲಿ ಮಗ್ವಾಯರ್’ ಎಂಬ ಗುಪ್ತಕೂಟದವರೆಂಬ ಆರೋಪದ ಮೇಲೆ 1877ರಿಂದ 1879ರೊಳಗೆ 20 ಮಂದಿ ಐರಿಷರನ್ನು ಗಲ್ಲಿಗೇರಿಸಲಾಯಿತು. ಅವರಲ್ಲೊಬ್ಬನಾದ ಜಾನ್ ಕೀಹೋ ಹೈಬರ್ನಿಯನ್ ಸಂಘದ ಸ್ಥಳೀಯ ಮುಖಂಡ. ಅಂಥವರ ಮನೆಗಳಲ್ಲಿ ಆ ಹೆಸರನ್ನೆತ್ತುವುದೇ ನಾಚಿಕೆಯಾಗಿದ್ದ ಕಾಲವೊಂದಿತ್ತು. ಕೀಹೋನ ವಂಶಜರು ಸುಮ್ಮನಿರಲಿಲ್ಲ. ವಿಚಾರಣೆಯ ಅನ್ಯಾಯವನ್ನು ಎತ್ತಿ ತೋರಿಸಿದರು. 1979ರಲ್ಲಿ, ಅವನು ಸತ್ತು ನೂರು ವರುಷಗಳ ಬಳಿಕ, ಆ ರಾಜ್ಯದ ಗವರ್ನರು ಅವನಿಗೆ ಕ್ಷಮಾದಾನವನ್ನು ಘೋಷಿಸಿದರು. ಮುಚ್ಚಿಟ್ಟಿದ್ದರೆ ಆ ಕಳಂಕ ಎಂದಿಗೂ ತೊಳೆಯುತ್ತಿರಲಿಲ್ಲ.

ಉಪಸಂಹಾರ

ಐರಿಷರು ನಮಗೆ ತೀರ ಅಪರಿಚಿತರೇನಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಐರಿಷ್ ಸೈನಿಕರು ತಮ್ಮ ನಾಡಿನ ಪಾಲಕ ಸಂತರಿಗೆ ಮುಡಿಪಾದ ಸಂತ ಪ್ಯಾಟ್ರಿಕ್ಕರ ದೇವಾಲಯದಲ್ಲಿ ಪ್ರಾರ್ಥಿಸಿದವರು. ಆದರೆ ಅವರ ಕಥೆ ನಮಗೆ ಮುಖ್ಯವಾಗುವುದು ಅದು ಕಲಿಸುವ ಪಾಠದಿಂದ. ಭದ್ರವಾದ ಕಟ್ಟಡದೊಳಗಿನ ದಾಖಲೆ ಸುಟ್ಟುಹೋಯಿತು. ಹಳ್ಳಿಯ ಗುರುಗಳ ಪೆಟ್ಟಿಗೆಯೊಳಗಿನ ಪುಸ್ತಕ ಉಳಿಯಿತು. ದೊಡ್ಡವರ ಭಾಷಣಗಳು ಮರೆತುಹೋದುವು. ಬಡ ತಾಯಿ ಹಾಕಿಸಿದ ನಾಲ್ಕು ಸಾಲಿನ ಪ್ರಕಟಣೆ ಅವಳ ಮರಿಮೊಮ್ಮಕ್ಕಳಿಗೆ ದಾರಿ ತೋರಿಸಿತು.

ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕ, ಸಭೆಗಳ ನಡವಳಿಕೆಯ ಪುಸ್ತಕ, ವಂತಿಗೆಯ ಲೆಕ್ಕ, ಹಳೆಯ ಆಮಂತ್ರಣ ಪತ್ರಿಕೆಗಳು ಇವುಗಳನ್ನು ಗೆದ್ದಲಿಗೂ ತೇವಕ್ಕೂ ಬಿಡಬಾರದು. ಹಿರಿಯರು ಬದುಕಿರುವಾಗಲೇ ಅವರ ತಂದೆತಾಯಿಗಳ ಹೆಸರನ್ನೂ ಊರನ್ನೂ ಕೇಳಿ ಬರೆದಿಡಬೇಕು. ಈ ಸ್ಮರಣ ಸಂಚಿಕೆಯ ಒಂದು ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿರಿಸಬೇಕು. ಇನ್ನು ನೂರು ವರುಷಗಳ ಮೇಲೆ ಎಲ್ಲಿಯೋ ದೂರದ ನಾಡಿನಲ್ಲಿ ಕುಳಿತ ನಮ್ಮವರೊಬ್ಬರು ತಮ್ಮ ಹಿರಿಯರನ್ನು ಹುಡುಕಿಕೊಂಡು ಬಂದಾರು. ಅವರು ತೆರೆಯುವ ಪುಟದಲ್ಲಿ ನಮ್ಮ ಹೆಸರು ಇರಬೇಕು. ಆ ಹೆಸರಿನ ಪಕ್ಕದಲ್ಲಿ ನಮ್ಮ ಊರಿನ ಹೆಸರೂ ಇರಬೇಕು.