ವಿಮೋಚನಾ ಘೋಷಣೆ

ವಿಮೋಚನಾ ಘೋಷಣೆಯು ಅಮೆರಿಕ ಸಂಯುಕ್ತ ಸಂಸ್ಥಾನದ 16ನೆಯ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ಅವರು ಅಂತರ್ಯುದ್ಧದ ನಡುವೆ, 1863ರ ಜನವರಿ 1ರಂದು ಹೊರಡಿಸಿದ ಆಜ್ಞೆ. ಒಕ್ಕೂಟದ ವಿರುದ್ಧ ದಂಗೆಯೆದ್ದಿದ್ದ ದಕ್ಷಿಣದ ಪ್ರದೇಶಗಳ ಗುಲಾಮರು ಅಂದಿನಿಂದ ಸ್ವತಂತ್ರರೆಂದು ಇದು ಸಾರಿತು. ಈ ಒಂದು ಆಜ್ಞೆಯಿಂದಲೇ ಅಮೆರಿಕದಲ್ಲಿ ಗುಲಾಮಗಿರಿ ಅಳಿಯಿತೆಂದು ತರಗತಿಗಳಲ್ಲಿ ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ.

ಹಿನ್ನೆಲೆ

1861ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾದಾಗ ಲಿಂಕನ್ನರ ಘೋಷಿತ ಗುರಿ ಒಕ್ಕೂಟದ ಉಳಿವೇ ಹೊರತು ಗುಲಾಮರ ಬಿಡುಗಡೆಯಲ್ಲ. ಗುಲಾಮಗಿರಿಯನ್ನು ಅವರು ಅನ್ಯಾಯವೆಂದೇ ಬಗೆದಿದ್ದರು. ಆದರೆ ಆ ಪದ್ಧತಿ ಜಾರಿಯಲ್ಲಿದ್ದ ಕೆಂಟಕಿ, ಮಿಸ್ಸೌರಿ, ಮೇರಿಲ್ಯಾಂಡ್ ಮತ್ತು ಡೆಲವೇರ್ ಎಂಬ ಗಡಿರಾಜ್ಯಗಳು ಒಕ್ಕೂಟದಲ್ಲಿಯೇ ಉಳಿದಿದ್ದವು. ಅವು ಕೈತಪ್ಪಿದರೆ ಯುದ್ಧವೇ ಕೈತಪ್ಪಬಹುದೆಂಬ ಭಯ ಲಿಂಕನ್ನರಿಗಿತ್ತು. ಆದ್ದರಿಂದಲೇ ಸೇನಾನಿಗಳಾದ ಫ್ರೀಮಾಂಟ್ ಮತ್ತು ಹಂಟರ್ ತಾವಾಗಿಯೇ ಹೊರಡಿಸಿದ ಬಿಡುಗಡೆಯ ಆಜ್ಞೆಗಳನ್ನು ಅವರು ಊರ್ಜಿತಗೊಳಿಸಲಿಲ್ಲ. ಪರಿಹಾರಧನ ಪಡೆದು ಕ್ರಮಕ್ರಮವಾಗಿ ಗುಲಾಮರನ್ನು ಬಿಡಿರೆಂದು ಗಡಿರಾಜ್ಯಗಳಿಗೆ ಮಾಡಿದ ಸಲಹೆಯೂ ಫಲಿಸಲಿಲ್ಲ.

ಇತ್ತ ಗುಲಾಮರು ಯಾರ ಆಜ್ಞೆಗೂ ಕಾಯಲಿಲ್ಲ. 1861ರ ಮೇ ತಿಂಗಳಿನಲ್ಲಿಯೇ ವರ್ಜೀನಿಯಾದ ಮನ್ರೋ ಕೋಟೆಗೆ ಓಡಿಬಂದ ಮೂವರನ್ನು ಸೇನಾನಿ ಬಟ್ಲರ್ ಒಡೆಯನಿಗೆ ಮರಳಿಸಲು ನಿರಾಕರಿಸಿದನು. ಬಳಿಕ ಸಾವಿರಾರು ಜನ ಒಕ್ಕೂಟದ ಪಾಳೆಯಗಳನ್ನು ಸೇರಿದರು. ಘೋಷಣೆಯ ಹಿಂದಿನ ಈ ಒತ್ತಡವನ್ನು ಮರೆಯಲಾಗದು.

ಘೋಷಣೆ ಮತ್ತು ಅದರ ಮಿತಿ

1862ರ ಜುಲೈ 22ರಂದು ಲಿಂಕನ್ ಕರಡನ್ನು ಮಂತ್ರಿಮಂಡಲದ ಮುಂದಿಟ್ಟರು. ಸೋಲಿನ ನಡುವೆ ಹೊರಡಿಸಿದರೆ ಅದು ಹತಾಶೆಯ ಕೂಗಿನಂತೆ ಕೇಳಿಸೀತೆಂದು ವಿದೇಶಾಂಗ ಸಚಿವ ಸೀವರ್ಡ್ ಎಚ್ಚರಿಸಿದರು. ಸೆಪ್ಟೆಂಬರ್ 17ರಂದು ಆಂಟೀಟಮ್ ಕದನದಲ್ಲಿ ದಕ್ಷಿಣದ ಸೇನೆ ಹಿಮ್ಮೆಟ್ಟಿದ ಮೇಲೆ, 22ರಂದು ಪ್ರಾಥಮಿಕ ಘೋಷಣೆ ಹೊರಬಿದ್ದಿತು.

ಯುದ್ಧಕಾಲದ ಸೇನಾಧಿಕಾರವೇ ಇದಕ್ಕೆ ಆಧಾರ. ಆದುದರಿಂದ ಗಡಿರಾಜ್ಯಗಳಿಗೂ ಟೆನೆಸ್ಸಿಗೂ ಲೂಸಿಯಾನ, ವರ್ಜೀನಿಯಾಗಳ ಕೆಲವು ಭಾಗಗಳಿಗೂ ಇದು ಅನ್ವಯಿಸಲಿಲ್ಲ. ಆದರೂ ಸೇನೆ ಮುನ್ನಡೆದಂತೆಲ್ಲ ಬಿಡುಗಡೆಯೂ ಮುನ್ನಡೆಯಿತು. ಕಪ್ಪುಜನರಿಗೆ ಸೈನ್ಯದ ಬಾಗಿಲು ತೆರೆದು, ಯುದ್ಧ ಮುಗಿಯುವುದರೊಳಗೆ ಸುಮಾರು 1,80,000 ಮಂದಿ ಸೇರಿದರು. ಶಾಂತಿ ಬಂದೊಡನೆ ನ್ಯಾಯಾಲಯಗಳು ಈ ಆಜ್ಞೆಯನ್ನು ತಳ್ಳಿಹಾಕಬಹುದೆಂಬ ಅಳುಕು ಲಿಂಕನ್ನರಿಗಿತ್ತು. ಅದಕ್ಕಾಗಿಯೇ ಅವರು ಸಂವಿಧಾನದ 13ನೆಯ ತಿದ್ದುಪಡಿಗೆ ಪಟ್ಟುಹಿಡಿದರು. ಪ್ರತಿನಿಧಿಸಭೆ ಅದನ್ನು 1865ರ ಜನವರಿ 31ರಂದು 119-56 ಮತಗಳಿಂದ ಅಂಗೀಕರಿಸಿತು. ರಾಜ್ಯಗಳ ಅನುಮೋದನೆ ಪೂರ್ಣವಾದದ್ದು ಡಿಸೆಂಬರ್ 6ರಂದು. ಅದನ್ನು ಕಾಣಲು ಲಿಂಕನ್ ಉಳಿದಿರಲಿಲ್ಲ.

ರಾಷ್ಟ್ರದ ಮರುಜೋಡಣೆ

ದಂಗೆಕೋರರನ್ನು ಮತ್ತೆ ಪ್ರಜೆಗಳನ್ನಾಗಿಸುವುದು ಇನ್ನೂ ಕಠಿನವಾದ ಕಾರ್ಯ. 1863ರ ಡಿಸೆಂಬರ್ 8ರ ಕ್ಷಮಾದಾನ ಘೋಷಣೆಯಂತೆ, 1860ರಲ್ಲಿ ಮತ ಹಾಕಿದ್ದವರ ಸಂಖ್ಯೆಯ ಶೇಕಡ 10ರಷ್ಟು ಜನ ನಿಷ್ಠೆಯ ಪ್ರಮಾಣ ಮಾಡಿ, ಗುಲಾಮರ ಬಿಡುಗಡೆಯನ್ನು ಒಪ್ಪಿದರೆ ಆ ರಾಜ್ಯ ಹೊಸ ಸರ್ಕಾರ ರಚಿಸಬಹುದಿತ್ತು. ದಂಗೆಯ ಉನ್ನತಾಧಿಕಾರಿಗಳಿಗೆ ಈ ಕ್ಷಮೆಯಿರಲಿಲ್ಲ. ಇದು ಅತಿಯಾದ ಔದಾರ್ಯವೆಂದು ಕಾಂಗ್ರೆಸ್ ಶೇಕಡ 50ನ್ನು ಕೇಳುವ ವೇಡ್-ಡೇವಿಸ್ ಮಸೂದೆಯನ್ನು 1864ರಲ್ಲಿ ಅಂಗೀಕರಿಸಿತು. ಲಿಂಕನ್ ಸಹಿ ಹಾಕಲಿಲ್ಲ. ಟೀಕಾಕಾರರ ಪ್ರಶ್ನೆ ನ್ಯಾಯವಾದುದೇ: ಒಡೆಯರಿಗೆ ಕ್ಷಮೆ ದೊರೆತರೆ, ಬಿಡುಗಡೆಗೊಂಡವರಿಗೆ ಮತಾಧಿಕಾರ ಕೊಡುವವರಾರು?

1865ರ ಏಪ್ರಿಲ್ 11ರ ಭಾಷಣದಲ್ಲಿ ಲಿಂಕನ್ ಇದಕ್ಕೆ ಅರೆ ಉತ್ತರ ಕೊಟ್ಟರು: ವಿದ್ಯಾವಂತರಾದ ಹಾಗೂ ಸೈನಿಕರಾಗಿ ದುಡಿದ ಕಪ್ಪುಜನರಿಗೆ ಮತ ದೊರೆಯಲಿ ಎಂಬುದು ಅವರ ಅಪೇಕ್ಷೆ. ಕೇಳುಗರಲ್ಲಿ ಜಾನ್ ವಿಲ್ಕ್ಸ್ ಬೂತ್ ಕೂಡ ಇದ್ದನು. ಮೂರು ದಿನಗಳ ಬಳಿಕ ಅವನ ಗುಂಡಿಗೆ ತುತ್ತಾದ ಲಿಂಕನ್ ಮರುದಿನ ಮುಂಜಾನೆ ತೀರಿಕೊಂಡರು. ಉತ್ತರಾಧಿಕಾರಿ ಆಂಡ್ರ್ಯೂ ಜಾನ್ಸನ್ನರ ಕಾಲದಲ್ಲಿ ದಕ್ಷಿಣದ ರಾಜ್ಯಗಳು ಕರಾಳ ಕಟ್ಟಳೆಗಳ ಮೂಲಕ ಬಿಡುಗಡೆಗೊಂಡವರ ದುಡಿಮೆಯನ್ನೂ ಸಂಚಾರವನ್ನೂ ಮತ್ತೆ ನಿರ್ಬಂಧಿಸಿದವು. ಜನಾಂಗದ ಕಾರಣಕ್ಕೆ ಮತಾಧಿಕಾರ ನಿರಾಕರಿಸುವುದನ್ನು ನಿಷೇಧಿಸಿದ 15ನೆಯ ತಿದ್ದುಪಡಿ ಬಂದದ್ದು 1870ರಲ್ಲಿ.